ಎಲೆಯಿಂದ ಜಿನುಗುವ ಕೆಂಪು

ಒಂದು ಹಿಡಿ ಪಾಲಕ್ ಸೊಪ್ಪನ್ನು ಚೆನ್ನಾಗಿ ಜಜ್ಜಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅರ್ಧ ಗಂಟೆ ನೆನೆಹಾಕಿ ಬಟ್ಟೆಯಲ್ಲಿ ಸೋಸಿ. ಒಲೆಯ ಹತ್ತಿರ ಮಾತ್ರ ಬೇಡ, ಸ್ಪಿರಿಟ್ ತಟ್ಟನೆ ಹತ್ತಿಕೊಳ್ಳುತ್ತದೆ. ಗಾಜಿನ ಲೋಟದಲ್ಲಿ ಕಡುಹಸಿರು ರಸ ಉಳಿಯುತ್ತದೆ. ಈಗ ಕೋಣೆಯ ದೀಪ ಆರಿಸಿ, ಅಂಗಡಿಯವರು ಖೋಟಾ ನೋಟು ಪತ್ತೆಗೆ ಇಟ್ಟುಕೊಳ್ಳುವ ನೇರಳೆ ಟಾರ್ಚಿನ ಬೆಳಕನ್ನು ಲೋಟದ ಪಕ್ಕದಿಂದ ಬಿಡಿ. ಹಸಿರು ಕಾಣೆಯಾಗಿ ರಸ ರಕ್ತಗೆಂಪಾಗಿ ಹೊಳೆಯುತ್ತದೆ.

ಸ್ಕಾಟ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ ಇದನ್ನು 1834ರಲ್ಲಿಯೇ ಕಂಡಿದ್ದ. ಮಕ್ಕಳ ಆಟಿಕೆಯಾಗಿ ಉಳಿದಿರುವ ಕೆಲೈಡೋಸ್ಕೋಪನ್ನು ಕಂಡುಹಿಡಿದವನೂ ಇವನೇ. ಲಾರೆಲ್ ಎಲೆಗಳ ರಸವನ್ನು ಆಲ್ಕೊಹಾಲಿನಲ್ಲಿ ತೆಗೆದು, ಅದರೊಳಗೆ ಬಿಸಿಲಿನ ಕೋಲನ್ನು ಹಾಯಿಸಿದಾಗ ಆ ಕೋಲು ಕೆಂಪಾಗಿ ಕಂಡಿತು. ಪತ್ರಹರಿತ್ತು ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದಲ್ಲಿ ಹೊರಗೆಸೆಯುತ್ತದೆ. ಇದೇ ಪ್ರತಿದೀಪ್ತಿ.

ಅದೇ ಟಾರ್ಚನ್ನು ಈಗ ಜಜ್ಜದ ತಾಜಾ ಎಲೆಯ ಮೇಲೆ ಬಿಟ್ಟು ನೋಡಿ. ಕಷ್ಟಪಟ್ಟು ದಿಟ್ಟಿಸಿದರೆ ಒಂದಿಷ್ಟು ಮಂಕು ಕೆಂಪು ಕಂಡರೂ ಕಂಡೀತು. ರಸದಲ್ಲಿ ಇದ್ದದ್ದೂ ಇದೇ ಪತ್ರಹರಿತ್ತು, ಎಲೆಯಲ್ಲಿ ಇರುವುದೂ ಅದೇ. ಸ್ಪಿರಿಟ್ಟಿನಲ್ಲಿ ಬಿಡಿಬಿಡಿಯಾಗಿ ತೇಲುವ ಪತ್ರಹರಿತ್ತು ತಾನು ನುಂಗಿದ ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಕೆಂಪಾಗಿ ಹಿಂದಿರುಗಿಸಿದರೆ, ಜೀವಂತ ಎಲೆ ಹಿಂದಿರುಗಿಸುವುದು ನೂರಕ್ಕೆ ಒಂದೋ ಎರಡೋ ಪಾಲು. ಉಳಿದದ್ದು ಎಲ್ಲಿ ಹೋಯಿತು? ಸಸ್ಯವಿಜ್ಞಾನಿಗಳು ತೊಂಬತ್ತು ವರ್ಷಗಳಿಂದ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಹೊಳಪಿಗಿಂತ ಆ ಹೊಳಪು ಎಷ್ಟು ತಗ್ಗಿತು, ಯಾವುದರಿಂದ ತಗ್ಗಿತು ಎಂಬುದೇ ಅವರ ಲೆಕ್ಕದ ತಿರುಳು.

ನಮ್ಮ ಹಳೆಯ ಕೆರೆಗಳನ್ನು ನೆನೆದುಕೊಂಡರೆ ಈ ಲೆಕ್ಕ ಸುಲಭ. ಕೆರೆಗೆ ಬಂದ ನೀರು ಹೊರಗೆ ಹೋಗಲು ಮೂರು ದಾರಿ. ತೂಬು ಎತ್ತಿದರೆ ಗದ್ದೆಗೆ ಹರಿಯುತ್ತದೆ. ಹೆಚ್ಚಾದರೆ ಕೋಡಿ ಬೀಳುತ್ತದೆ. ಇವೆರಡೂ ಅಲ್ಲದೆ ಏರಿಯ ಬುಡದಲ್ಲಿ ಯಾವಾಗಲೂ ಒಂದಿಷ್ಟು ಜಿನುಗು ಇದ್ದೇ ಇರುತ್ತದೆ. ಎಲೆ ನುಂಗಿದ ಬೆಳಕಿಗೂ ಹೀಗೆಯೇ ಮೂರು ದಾರಿ. ತೂಬಿನಲ್ಲಿ ಹೋದದ್ದು ದ್ಯುತಿಸಂಶ್ಲೇಷಣೆಗೆ, ಅಂದರೆ ಸಕ್ಕರೆ ಕಟ್ಟುವ ಕೆಲಸಕ್ಕೆ. ಕೋಡಿಯಲ್ಲಿ ಹೋದದ್ದು ಶಾಖವಾಗಿ ಗಾಳಿಗೆ. ಜಿನುಗಿದ್ದು ಕೆಂಪು ಬೆಳಕು. ಮೂರಕ್ಕೂ ಮೂಲ ಒಂದೇ ಆದ್ದರಿಂದ ತೂಬು ಮುಚ್ಚಿದರೆ ಜಿನುಗು ಹೆಚ್ಚುತ್ತದೆ, ಕೋಡಿ ತೆರೆದರೆ ಜಿನುಗು ಕಡಿಮೆಯಾಗುತ್ತದೆ. ಗದ್ದೆಗೆ ಎಷ್ಟು ನೀರು ಹೋಯಿತೆಂದು ನೇರವಾಗಿ ನೋಡಲು ನಮಗೆ ಆಗದು. ಏರಿಯ ಹೊರಗೆ ನಿಂತು ಜಿನುಗನ್ನು ಅಳೆಯಬಹುದು, ಅಷ್ಟೇ.

ಹೊರಗೆ ನಿಂತು ನೋಡುವ ಈ ಕೆಲಸವನ್ನು ಮೊದಲು ಅರ್ಥಪೂರ್ಣವಾಗಿ ಮಾಡಿದವರು ಜರ್ಮನಿಯ ಹೈಡೆಲ್‌ಬರ್ಗಿನ ಹಾನ್ಸ್ ಕೌಟ್‌ಸ್ಕಿ ಮತ್ತು ಅವನ ಸಂಗಡಿಗ ಎ. ಹಿರ್ಶ್. ಕತ್ತಲಲ್ಲಿಟ್ಟಿದ್ದ ಎಲೆಗೆ ಒಮ್ಮೆಲೇ ಬೆಳಕು ಬಿಟ್ಟು, ಬಣ್ಣದ ಗಾಜಿನ ಮೂಲಕ ಬರಿಗಣ್ಣಿನಲ್ಲಿ ನೋಡಿದರು. ಕೆಂಪು ಹೊಳಪು ಮೊದಲ ಕ್ಷಣದಲ್ಲೇ ಸರ್ರನೆ ಏರಿತು, ಆಮೇಲೆ ಕೆಲವು ನಿಮಿಷ ನಿಧಾನವಾಗಿ ಇಳಿಯಿತು. ಎಲೆ ಇಂಗಾಲದ ಡೈಆಕ್ಸೈಡನ್ನು ಹೀರಲು ಶುರುಮಾಡುವುದೂ ಆ ಇಳಿತದ ಹೊತ್ತಿನಲ್ಲೇ. ಎಲೆಗೆ ಸಯನೈಡ್ ಕೊಟ್ಟರೂ, ತಾಪ ಏರಿಳಿಸಿದರೂ ಆ ಮೊದಲ ಏರಿಕೆ ಬದಲಾಗಲಿಲ್ಲ. ಹಾಗಾದರೆ ಅದು ಕಿಣ್ವಗಳ ಕೆಲಸವಲ್ಲ, ಬೆಳಕೇ ನೇರವಾಗಿ ಮಾಡಿಸಿದ ಕೆಲಸ ಎಂದು ಅವರು ಊಹಿಸಿದರು. 1931ರಲ್ಲಿ ಪ್ರಕಟವಾದ ಆ ಪ್ರಬಂಧ ಒಂದೇ ಒಂದು ಪುಟದ್ದು. ಉಪಕರಣ ಇಲ್ಲದೆ, ಕಣ್ಣು ಮತ್ತು ಗಾಜಿನ ತುಂಡಿನಿಂದ ಇಷ್ಟನ್ನು ಹೇಳಿದ ಆ ಪುಟವನ್ನು ಇಂದಿನ ನಲವತ್ತು ಪುಟದ ಪ್ರಬಂಧಗಳ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ವ್ಯಾಯಾಮ.

ತೂಬು ಯಾವುದೆಂದು ಗೊತ್ತಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು. 1963ರಲ್ಲಿ ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ ಲೂಯಿ ಡೌಸೆನ್ಸ್ ಮತ್ತು ಸ್ವೀರ್ಸ್ ಒಂದು ವಿವರಣೆ ಕೊಟ್ಟರು. ಪತ್ರಹರಿತ್ತಿನ ಗುಂಪು ಹಿಡಿದ ಶಕ್ತಿಯಿಂದ ಒಂದು ಎಲೆಕ್ಟ್ರಾನ್ ಚಿಮ್ಮುತ್ತದೆ. ಅದನ್ನು ಹಿಡಿದುಕೊಳ್ಳಲು ಒಂದು ಅಣು ಕಾದಿರುತ್ತದೆ. ಆ ಅಣುವಿನ ಕೈ ಖಾಲಿ ಇದ್ದರೆ ಶಕ್ತಿ ಆ ಕಡೆ ಹರಿಯುತ್ತದೆ, ಹೊಳಪು ತಗ್ಗುತ್ತದೆ. ಕೈ ತುಂಬಿದ್ದರೆ ತೂಬು ಮುಚ್ಚಿದ ಹಾಗೆ, ಹೊಳಪು ಏರುತ್ತದೆ. ಹೊಳಪನ್ನು ತಗ್ಗಿಸುವ ಆ ಅಣುವಿಗೆ ಅವರು ಕೊಟ್ಟ ಗುರುತು ಕ್ಯೂ ಎಂಬ ಒಂದೇ ಅಕ್ಷರ. ಕತ್ತಲಿಂದ ಬೆಳಕಿಗೆ ಬಂದ ಎಲೆಯಲ್ಲಿ ಎಲ್ಲ ಕ್ಯೂಗಳೂ ಕ್ಷಣಮಾತ್ರದಲ್ಲಿ ತುಂಬುತ್ತವೆ. ಮುಂದೆ ಸಕ್ಕರೆ ಕಟ್ಟುವ ಕಿಣ್ವಗಳು ಇನ್ನೂ ಎದ್ದಿರುವುದಿಲ್ಲ. ಕೌಟ್‌ಸ್ಕಿ ಕಂಡ ಏರಿಕೆಯ ಗುಟ್ಟು ಇದು.

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಬಿತ್ತಿದ ಎರಡು ಮೂರು ದಿನದೊಳಗೆ ಹೊಲಕ್ಕೆ ಅಟ್ರಜಿನ್ ಎಂಬ ಕಳೆನಾಶಕ ಹೊಡೆಯುವವರು ಗೊತ್ತಿಲ್ಲದೆಯೇ ಈ ತೂಬಿಗೆ ಬೆಣೆ ಹೊಡೆಯುತ್ತಿರುತ್ತಾರೆ. ಕ್ಯೂ ತನ್ನ ಎಲೆಕ್ಟ್ರಾನನ್ನು ಮುಂದಿನವನಿಗೆ ದಾಟಿಸುವ ಜಾಗದಲ್ಲೇ ಅಟ್ರಜಿನ್ ಹೋಗಿ ಕೂರುತ್ತದೆ. ಡೈಯುರಾನ್ ಎಂಬ ಇನ್ನೊಂದು ಕಳೆನಾಶಕ ಕೂರುವುದೂ ಅಲ್ಲಿಯೇ. ಕಳೆಯ ಎಲೆ ಹಳದಿಯಾಗಿ ಒಣಗುವುದು ಎಷ್ಟೋ ದಿನಗಳ ಮೇಲೆ, ಆದರೆ ಔಷಧಿ ಎಲೆಯನ್ನು ತಲುಪಿದ ಕೆಲವೇ ಗಂಟೆಗಳಲ್ಲಿ ಅದರ ಕೆಂಪು ಹೊಳಪು ಮೇಲೇರಿರುತ್ತದೆ. ಕಳೆ ಸಾಯುವುದು ಹಸಿವಿನಿಂದಲ್ಲ. ಹೋಗಲು ದಾರಿಯಿಲ್ಲದ ಶಕ್ತಿ ಆಮ್ಲಜನಕವನ್ನು ಕೆರಳಿಸಿ, ಅದು ಎಲೆಯ ಪೊರೆಗಳನ್ನು ಸುಡುತ್ತದೆ. ಮೆಕ್ಕೆಜೋಳ ಬದುಕುವುದು ತನ್ನ ಕಿಣ್ವದಿಂದ ಅಟ್ರಜಿನ್ನಿನ ವಿಷ ಇಳಿಸಬಲ್ಲುದು ಎಂಬ ಕಾರಣಕ್ಕೆ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಜಿನುಗು ಕಡಿಮೆಯಾಯಿತು ಅಂದುಕೊಳ್ಳಿ. ತೂಬು ತೆರೆದದ್ದಕ್ಕೋ, ಕೋಡಿ ಬಿದ್ದದ್ದಕ್ಕೋ? ಎರಡರಿಂದಲೂ ಜಿನುಗು ತಗ್ಗುತ್ತದೆ. ಒಂದು ಎಲೆ ಚೆನ್ನಾಗಿ ದುಡಿಯುತ್ತಿದೆ ಎಂಬುದಕ್ಕೂ, ಶಕ್ತಿಯನ್ನೆಲ್ಲ ಗಾಳಿಗೆ ಚೆಲ್ಲುತ್ತಿದೆ ಎಂಬುದಕ್ಕೂ ಒಂದೇ ಚಿಹ್ನೆ ಸಿಕ್ಕರೆ ಆ ಅಳತೆಯಿಂದ ಏನು ಪ್ರಯೋಜನ?

ಇದನ್ನು ಬಿಡಿಸಿದ ಉಪಾಯ ನನಗೆ ಇಡೀ ವಿಷಯದಲ್ಲೇ ಅತ್ಯಂತ ಚೆಂದದ ಸಂಗತಿ. ಎಲ್ಲ ತೂಬುಗಳನ್ನೂ ನಾವೇ ಒಂದು ಕ್ಷಣ ಮುಚ್ಚಿಬಿಡುವುದು. ಹೇಗೆ? ನಡುಮಧ್ಯಾಹ್ನದ ಬಿಸಿಲಿಗಿಂತ ಹಲವು ಪಟ್ಟು ಪ್ರಖರವಾದ ಬೆಳಕನ್ನು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಎಲೆಯ ಮೇಲೆ ಹೊಡೆಯುವುದು. ಕ್ಯೂಗಳೆಲ್ಲ ತುಂಬಿಹೋಗುತ್ತವೆ. ಆ ಹೊತ್ತಿನಲ್ಲಿ ತೂಬಿನ ಹರಿವು ಸೊನ್ನೆ. ಅಷ್ಟು ಸಣ್ಣ ಅವಧಿಯಲ್ಲಿ ಕೋಡಿಯ ಮಟ್ಟ ಬದಲಾಗಲು ವೇಳೆಯಿಲ್ಲ. ಆಗ ಕಾಣುವ ಜಿನುಗು ಕೋಡಿಯ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಹೊಡೆತಕ್ಕೆ ಮೊದಲಿನ ಜಿನುಗಿಗೂ ಇದಕ್ಕೂ ಇರುವ ವ್ಯತ್ಯಾಸ ತೂಬಿನ ಪಾಲು. ಲೆಕ್ಕ ಎರಡು ಹೋಳಾಯಿತು.

ಆದರೆ ಹೊರಗೆ ಬಿಸಿಲು ಸುರಿಯುತ್ತಿರುವಾಗ ಎಲೆಯ ಮಂಕು ಕೆಂಪನ್ನು ಅಳೆಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಜರ್ಮನಿಯ ವ್ಯೂರ್ಟ್ಸ್‌ಬರ್ಗಿನ ಉಲ್ರಿಶ್ ಶ್ರೈಬರ್. 1986ರಲ್ಲಿ ಅವರೂ ಸಂಗಡಿಗರೂ ವಿವರಿಸಿದ ಉಪಕರಣಕ್ಕೆ ಪ್ಯಾಮ್ ಎಂದು ಹೆಸರು. ಅದು ತೀರ ಕ್ಷೀಣವಾದ ಬೆಳಕನ್ನು ಸೆಕೆಂಡಿಗೆ ಸಾವಿರಾರು ಸಲ ಮಿಟುಕಿಸುತ್ತದೆ, ಆ ಮಿಟುಕಿಗೆ ತಾಳ ಹಿಡಿದು ಬರುವ ಕೆಂಪನ್ನು ಮಾತ್ರ ಎಣಿಸುತ್ತದೆ. ಬಿಸಿಲಿನಿಂದ ಎದ್ದ ಕೆಂಪು ಒಂದೇ ಸಮನೆ ಬರುವುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ಕತ್ತಲೆ ಕೋಣೆಯಲ್ಲಿದ್ದ ಕೆಲಸ ಹೊಲಕ್ಕೆ ಬಂದದ್ದು ಇದರಿಂದ.

ಸಂಖ್ಯೆಯಲ್ಲೇ ಒಮ್ಮೆ ನೋಡೋಣ. ಎಲೆಗೆ ಕ್ಲಿಪ್ಪು ಹಾಕಿ ಇಪ್ಪತ್ತು ಮೂವತ್ತು ನಿಮಿಷ ಕತ್ತಲಲ್ಲಿ ಇಡುತ್ತಾರೆ. ತೂಬುಗಳೆಲ್ಲ ತೆರೆದುಕೊಳ್ಳುತ್ತವೆ, ಕೋಡಿ ನಿಂತಿರುತ್ತದೆ. ಮಿಟುಕು ಬೆಳಕಿಗೆ ಉಪಕರಣ 300 ಎಂದು ತೋರಿಸಿತು ಅನ್ನಿ. ಹೊಡೆತ ಕೊಟ್ಟರೆ 1800ಕ್ಕೆ ಏರಿತು. ಏರಿದ್ದು 1500, ಅದನ್ನು 1800ರಿಂದ ಭಾಗಿಸಿದರೆ 0.83. ತೂಬುಗಳೆಲ್ಲ ತೆರೆದಿದ್ದಾಗ ಬಂದ ಬೆಳಕಿನಲ್ಲಿ ನೂರಕ್ಕೆ 83 ಪಾಲನ್ನು ಕೆಲಸಕ್ಕೆ ಹಚ್ಚುವ ಶಕ್ತಿ ಈ ಎಲೆಯ ಬೆಳಕಿನ ಯಂತ್ರಕ್ಕೆ ಇದೆ ಎಂದರ್ಥ. ಈಗ ಎಲೆಯನ್ನು ಬಿಸಿಲಿಗೆ ಬಿಡಿ. ಸ್ವಲ್ಪ ಹೊತ್ತಿನ ಮೇಲೆ ಜಿನುಗು 500, ಹೊಡೆತ ಕೊಟ್ಟರೆ 900. ತೂಬಿನ ಪಾಲು ಈಗ 400ನ್ನು 900ರಿಂದ ಭಾಗಿಸಿದಷ್ಟು, ಅಂದರೆ 0.44. ಕತ್ತಲಲ್ಲಿ 1800 ಮುಟ್ಟಿದ ಎಲೆ ಬಿಸಿಲಿನಲ್ಲಿ 900ಕ್ಕೇ ನಿಂತಿದೆ. ಆ ಅರ್ಧವನ್ನು ತಗ್ಗಿಸಿದ್ದು ಕೋಡಿ, ಅಂದರೆ ಶಾಖವಾಗಿ ಚೆಲ್ಲುವ ವ್ಯವಸ್ಥೆ. ಈ ತಗ್ಗಿಗೆ ಎನ್‌ಪಿಕ್ಯೂ ಎಂಬ ಸಂಖ್ಯೆ ಕೊಡುತ್ತಾರೆ: 1800ರಿಂದ 900 ಕಳೆದು 900ರಿಂದಲೇ ಭಾಗಿಸಿದರೆ ಇಲ್ಲಿ 1. ಅಷ್ಟೇ ಗಣಿತ. ಹೈಸ್ಕೂಲು ಮಕ್ಕಳಿಗೂ ದಕ್ಕುವಂಥದ್ದು.

ಬಿಸಿಲಿನಲ್ಲಿ ತೂಬಿನ ಪಾಲನ್ನು ಕೊಡುವ ಸೂತ್ರವನ್ನು 1989ರಲ್ಲಿ ಬರ್ನಾರ್ ಜಾಂಟಿ, ಬ್ರಿಯಾಂಟೆ ಮತ್ತು ನೀಲ್ ಬೇಕರ್ ನೆಲೆಗೊಳಿಸಿದರು. ಅವರು ಪರೀಕ್ಷೆಗೆ ಹಿಡಿದ ಬೆಳೆಗಳಲ್ಲಿ ಮೆಕ್ಕೆಜೋಳವೂ ಇತ್ತು ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕತ್ತಲಿಂದ ತೆಗೆದ ಎಲೆಯ ಮೊದಲ ಸೆಕೆಂಡಿನ ಏರಿಕೆಯನ್ನೇ ಸೂಕ್ಷ್ಮವಾಗಿ ಓದುವ ಇನ್ನೊಂದು ಪಂಥವೂ ಇದೆ. ಆ ಏರಿಕೆಯ ಮೆಟ್ಟಿಲುಗಳನ್ನು ಜಿನೀವಾದ ರೆಟೊ ಸ್ಟ್ರಾಸರ್ ಜೊತೆ ಸೇರಿ ವಿವರಿಸಿದವರಲ್ಲಿ ನಮ್ಮ ದೇಶದ ಗೋವಿಂದಜೀ ಒಬ್ಬರು. 1932ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಸೇರಿದ ಇವರು ಪ್ರತಿದೀಪ್ತಿಯ ಬಗ್ಗೆ ಬರೆದಷ್ಟು ಬರೆದವರು ಕಡಿಮೆ.

ಕೋಡಿಯ ಮಾತು ಇನ್ನೂ ಇದೆ. ಸಸ್ಯಕ್ಕೆ ಬೆಳಕು ಅನ್ನ ಎಂದು ಕಲಿತ ನಮಗೆ, ಬೆಳಕು ಅದಕ್ಕೆ ವಿಷವೂ ಆಗಬಹುದು ಎಂಬುದು ಸುಲಭಕ್ಕೆ ಒಗ್ಗುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎಲೆ ನುಂಗುವ ಶಕ್ತಿ ಅದು ಬಳಸಬಲ್ಲುದಕ್ಕಿಂತ ಎಷ್ಟೋ ಹೆಚ್ಚು. ಹಾಗೆ ಹೆಚ್ಚಾದಾಗ ಪತ್ರಹರಿತ್ತಿರುವ ತೆಳುಪೊರೆಗಳ ಒಳಗೆ ಆಮ್ಲ ಕೂಡುತ್ತದೆ. ಆ ಆಮ್ಲವೇ ಸೂಚನೆ. ವಯೊಲಜ್ಯಾಂಥಿನ್ ಎಂಬ ಹಳದಿ ಬಣ್ಣದ ವಸ್ತು ನಿಮಿಷಗಳಲ್ಲಿ ಜಿಯಜ್ಯಾಂಥಿನ್ ಎಂಬ ಇನ್ನೊಂದಾಗುತ್ತದೆ. ಪಿಎಸ್‌ಬಿಎಸ್ ಎಂಬ ಪ್ರೋಟೀನು ಎಚ್ಚೆತ್ತುಕೊಳ್ಳುತ್ತದೆ. ಎರಡೂ ಸೇರಿ ಹೆಚ್ಚಿನ ಶಕ್ತಿಯನ್ನು ಶಾಖ ಮಾಡಿ ಚೆಲ್ಲುತ್ತವೆ. ಕೆರೆಯ ಕೋಡಿ ತಾನಾಗಿ ಬೀಳುತ್ತದೆ. ಎಲೆಯದು ಬೇಕೆಂದಾಗ ಏಳುವ, ಬೇಡವೆಂದಾಗ ಇಳಿಯುವ ಕೋಡಿ.

ಪಿಎಸ್‌ಬಿಎಸ್ ಸಿಕ್ಕ ಬಗೆಯೂ ಇದೇ ಕೆಂಪು ಬೆಳಕಿನಿಂದ. ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಕೃಷ್ಣ ನಿಯೋಗಿ ಮತ್ತು ಸಂಗಡಿಗರು ಅರಬಿಡಾಪ್ಸಿಸ್ ಎಂಬ ಪುಟ್ಟ ಸಾಸಿವೆ ಜಾತಿಯ ಗಿಡದ ರೂಪಾಂತರಿ ಸಸಿಗಳನ್ನು ರಾಶಿ ರಾಶಿಯಾಗಿ ಕ್ಯಾಮೆರಾದ ಕೆಳಗಿಟ್ಟು, ಬೆಳಕು ಹೆಚ್ಚಿಸಿದಾಗಲೂ ಹೊಳಪು ತಗ್ಗದವನ್ನು ಹೆಕ್ಕಿದರು. ಅಂಥ ಒಂದು ಸಸಿಯಲ್ಲಿ ಕೆಟ್ಟಿದ್ದ ಜೀನ್ ಈ ಪ್ರೋಟೀನಿನದು ಎಂದು 2000ದಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಉಮಿಯೊದವರು ಅಂಥ ಗಿಡಗಳನ್ನು ಬಯಲಿನಲ್ಲಿ ಬೆಳೆದಾಗ ಅವು ಕಡಿಮೆ ಬೀಜ ಕಟ್ಟಿದವು, ಅದು 2002ರ ಮಾತು. ಬೆಳಕು ಒಂದೇ ಸಮನಿರುವ ಕೋಣೆಯಲ್ಲಿ ಅದೇ ಗಿಡಗಳಿಗೆ ಅಂಥ ನಷ್ಟ ಕಾಣಲಿಲ್ಲ. ಮೋಡ, ಗಾಳಿ, ಏರಿಳಿಯುವ ಬಿಸಿಲು ಇರುವ ಕಡೆಯಲ್ಲೇ ಕೋಡಿಯ ಬೆಲೆ ಗೊತ್ತಾಗುವುದು.

ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಇದನ್ನು ಬೇರೆ ಹೆಸರಿನಲ್ಲಿ ತಿಳಿದಿದ್ದಾರೆ. ಅರೇಬಿಕಾ ಕಾಫಿ ಇಥಿಯೋಪಿಯದ ಮಲೆಕಾಡಿನ ನೆರಳಿನಲ್ಲಿ ಹುಟ್ಟಿದ ಗಿಡ. ನೆರಳಿನಲ್ಲಿ ಬೆಳೆದ ಎಲೆಯಲ್ಲಿ ಆ ಹಳದಿ ವಸ್ತುಗಳ ದಾಸ್ತಾನು ಕಡಿಮೆ, ಕೋಡಿ ಕಿರಿದು. ಮರಗಸಿಯಲ್ಲಿ ಕೊಂಬೆಗಳನ್ನು ಅತಿಯಾಗಿ ತೆಗೆದುಬಿಟ್ಟರೆ, ನರ್ಸರಿಯ ಬಲೆಯಿಂದ ತೆಗೆದ ಸಸಿಯನ್ನು ನೇರ ಬಿಸಿಲಿಗೆ ಇಟ್ಟರೆ, ಎಲೆ ಬಿಳಿಚಿಕೊಳ್ಳುವುದನ್ನು ಬೆಳೆಗಾರರು ನೋಡಿಯೇ ಇರುತ್ತಾರೆ. ಆ ಬಣ್ಣ ಕಣ್ಣಿಗೆ ಕಾಣುವ ಮೊದಲೇ 0.83 ಇದ್ದದ್ದು ಕೆಳಗಿಳಿದಿರುತ್ತದೆ. ಬೆಳಕಿನ ಯಂತ್ರದ ನಡುಮಧ್ಯದಲ್ಲಿ ಡಿ1 ಎಂಬ ಪ್ರೋಟೀನಿದೆ. ಅದು ಪೆಟ್ಟು ತಿನ್ನುವುದು, ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು ಬಿಸಿಲಿರುವಷ್ಟು ಹೊತ್ತೂ ನಡೆದೇ ಇರುತ್ತದೆ. ರಿಪೇರಿಗಿಂತ ಪೆಟ್ಟು ಮುಂದೆ ಓಡಿದಾಗ ಸಂಖ್ಯೆ ಬೀಳುತ್ತದೆ. ನಿಮಿಷಗಳಲ್ಲಿ ಮರಳಿದರೆ ಅದು ಕೋಡಿಯ ಆಟ. ಮರುದಿನ ಬೆಳಗ್ಗೆಯೂ ಮರಳದಿದ್ದರೆ ಯಂತ್ರಕ್ಕೇ ಪೆಟ್ಟು.

ಈಗ ಆ 0.83ರ ಬಗ್ಗೆ ನನ್ನ ತಕರಾರು. 1987ರಲ್ಲಿ ಒಲೆ ಬ್ಯೋರ್ಕ್‌ಮನ್ ಮತ್ತು ಬಾರ್ಬರಾ ಡೆಮಿಗ್ 44 ಜಾತಿಯ ಸಸ್ಯಗಳನ್ನು ಅಳೆದು, ಆರೋಗ್ಯವಂತ ಎಲೆಗಳಲ್ಲಿ ಈ ಸಂಖ್ಯೆ ಅಚ್ಚರಿಯಾಗುವಷ್ಟು ಒಂದೇ ಕಡೆ ನಿಲ್ಲುತ್ತದೆ ಎಂದು ತೋರಿಸಿದರು. ಮೆಕ್ಕೆಜೋಳ, ಕಬ್ಬಿನಂಥವುಗಳಲ್ಲಿ ತುಸು ಕಡಿಮೆ, ಅಷ್ಟೇ. ಇಷ್ಟು ಅಚ್ಚುಕಟ್ಟಾದ ಸಂಖ್ಯೆ ಜೀವವಿಜ್ಞಾನದಲ್ಲಿ ಅಪರೂಪ. ಆದ್ದರಿಂದಲೇ ಅದಕ್ಕೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಮರ್ಯಾದೆ ಸಂದುಬಿಟ್ಟಿದೆ. ಕ್ಲಿಪ್ಪು ಹಾಕು, ಗುಂಡಿ ಒತ್ತು, ಸಂಖ್ಯೆ ಬರೆದುಕೋ. ಗಿಡಕ್ಕೆ ಯಾವ ಒತ್ತಡ ಕೊಟ್ಟರೂ ಸರಿ, ಒಂದು ಕೋಷ್ಟಕದಲ್ಲಿ ಈ ಸಂಖ್ಯೆ ಇರಲೇಬೇಕು ಎಂಬ ರೂಢಿ ಬೆಳೆದಿದೆ.

ನಮ್ಮ ಬಯಲುಸೀಮೆಗೆ ಮುಖ್ಯವಾದ ಒತ್ತಡ ಬರ. ಬರದ ವಿಷಯದಲ್ಲೇ ಈ ಸಂಖ್ಯೆ ಕೈಕೊಡುವುದು. ಚಳ್ಳಕೆರೆ, ಪಾವಗಡದ ಕಡೆ ಮಳೆ ಕೈಕೊಟ್ಟು ಮಧ್ಯಾಹ್ನಕ್ಕೆ ಎಲೆ ಮಡಚಿಕೊಳ್ಳುವ ಶೇಂಗಾ ಗಿಡವನ್ನು ತೆಗೆದುಕೊಳ್ಳಿ. ನೀರು ಉಳಿಸಲು ಅದು ಪತ್ರರಂಧ್ರಗಳನ್ನು ಮುಚ್ಚಿದೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತಿಲ್ಲ, ಸಕ್ಕರೆ ಕಟ್ಟುವುದು ಹೆಚ್ಚುಕಡಿಮೆ ನಿಂತಿದೆ. ಇಳುವರಿ ಆಗಲೇ ಸೋರಿಹೋಗುತ್ತಿದೆ. ಆದರೆ ಮರುದಿನ ನಸುಕಿನಲ್ಲಿ ಕ್ಲಿಪ್ಪು ಹಾಕಿದರೆ ಸಂಖ್ಯೆ 0.8ರ ಆಸುಪಾಸಿನಲ್ಲೇ ಇರಬಹುದು. ಏಕೆಂದರೆ ಬೆಳಕಿನ ಯಂತ್ರಕ್ಕೆ ಏನೂ ಆಗಿಲ್ಲ. ಎಲೆ ತೀರ ಒಣಗುವ ಹಂತಕ್ಕೆ ಬರುವವರೆಗೂ ಅದು ಅಲುಗುವುದಿಲ್ಲ. ಆ ಹೊತ್ತಿಗೆ ರೈತನಿಗೆ ಯಂತ್ರ ಹೇಳಬೇಕಾದದ್ದು ಏನೂ ಉಳಿದಿರುವುದಿಲ್ಲ.

ಬಿಸಿಲಿನಲ್ಲಿ ಅಳೆಯುವ ತೂಬಿನ ಪಾಲು ಇದಕ್ಕಿಂತ ವಾಸಿ, ಆದರೆ ಅದಕ್ಕೂ ತೊಡಕಿದೆ. ಶೇಂಗಾ, ಭತ್ತ, ಸೋಯಾದಂಥ ಗಿಡಗಳಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಅದನ್ನು ಹಿಡಿಯಬೇಕಾದ ಕಿಣ್ವ ಆಮ್ಲಜನಕವನ್ನು ಹಿಡಿಯುತ್ತದೆ. ಎಲೆಕ್ಟ್ರಾನುಗಳು ಆ ಕಡೆ ಹರಿಯುತ್ತವೆ. ತೂಬಿನಲ್ಲಿ ನೀರು ಹರಿಯುತ್ತಲೇ ಇದೆ, ಗದ್ದೆಗೆ ಮಾತ್ರ ಬಂದಿಲ್ಲ. ಜಾಂಟಿಯವರ ಮೆಕ್ಕೆಜೋಳದಲ್ಲಿ ತೂಬಿನ ಲೆಕ್ಕವೂ ಸಕ್ಕರೆಯ ಲೆಕ್ಕವೂ ಸರಳರೇಖೆಯಲ್ಲಿ ಕೂಡಿಬಂದದ್ದು ಆ ಬೆಳೆಯಲ್ಲಿ ಈ ಸೋರಿಕೆ ತೀರ ಕಡಿಮೆ ಎಂಬ ಕಾರಣಕ್ಕೆ. ಆ ರೇಖೆಯನ್ನು ಹಾಗೆಯೇ ಎತ್ತಿ ಶೇಂಗಾಕ್ಕೆ ಅಂಟಿಸಿದರೆ ತಪ್ಪು ಲೆಕ್ಕ ಸಿಗುತ್ತದೆ. ಅದಕ್ಕೇ ಗಂಭೀರವಾಗಿ ಕೆಲಸ ಮಾಡುವವರು ಎಲೆಯನ್ನು ಗಾಜಿನ ಡಬ್ಬಿಯಲ್ಲಿ ಕೂರಿಸಿ, ಅದು ಹೀರುವ ಗಾಳಿಯನ್ನೂ ಸೂಸುವ ನೀರಾವಿಯನ್ನೂ ಪ್ರತಿದೀಪ್ತಿಯ ಜೊತೆಜೊತೆಗೇ ಅಳೆಯುತ್ತಾರೆ. ನಿಧಾನದ, ದುಬಾರಿ ಕೆಲಸ. ಗುಂಡಿ ಒತ್ತುವಷ್ಟು ಸಲೀಸಲ್ಲ.

ಹಾಗೆಂದು ವಿಧಾನವನ್ನು ತಳ್ಳಿಹಾಕಬೇಕಾಗಿಲ್ಲ. ಬೆಳಕಿನ ಯಂತ್ರಕ್ಕೇ ಪೆಟ್ಟು ಬೀಳುವ ಕಡೆ ಇದಕ್ಕೆ ಸಾಟಿಯಿಲ್ಲ. ಬಿಸಿಗಾಳಿ ಅಂಥದ್ದೊಂದು. ಎಲೆಯನ್ನು ನಿಧಾನವಾಗಿ ಕಾಯಿಸುತ್ತ ಹೋದರೆ, 40 ಡಿಗ್ರಿ ದಾಟಿದ ಮೇಲೆ ಒಂದು ಹಂತದಲ್ಲಿ ಕನಿಷ್ಠ ಜಿನುಗು ಇದ್ದಕ್ಕಿದ್ದಂತೆ ಮೇಲೇಳುತ್ತದೆ. ಯಂತ್ರ ಕಳಚಿಕೊಳ್ಳುವ ತಾಪ ಅದು, ಮತ್ತು ಅದು ತಳಿಯಿಂದ ತಳಿಗೆ ಬೇರೆ. ಶಾಖ ತಡೆಯುವ ತಳಿಗಳನ್ನು ಆರಿಸಲು ಇದಕ್ಕಿಂತ ಚುರುಕಾದ ಪರೀಕ್ಷೆ ಹೆಚ್ಚಿಲ್ಲ. ಚಳಿಯ ಜೊತೆಗೆ ಪ್ರಖರ ಬಿಸಿಲು, ಕಳೆನಾಶಕ, ಹವಳದ ಹುಳುಗಳ ಒಳಗೆ ಬದುಕುವ ಪಾಚಿಗೆ ತಟ್ಟುವ ಸಮುದ್ರದ ಬಿಸಿ, ಇವೆಲ್ಲವೂ ಇದರ ಸೀಮೆಯವು.

ಸೇಬಿನ ಗೋದಾಮಿನಲ್ಲಿಯೂ ಇದು ದುಡಿಯುತ್ತಿದೆ ಎಂದರೆ ನಂಬುವುದು ಕಷ್ಟ. ಸೇಬಿನ ಸಿಪ್ಪೆಯಲ್ಲಿ ಪತ್ರಹರಿತ್ತು ಇದೆ. ತಿಂಗಳುಗಟ್ಟಲೆ ಕೆಡದಂತೆ ಇಡಲು ಕೋಣೆಯ ಆಮ್ಲಜನಕವನ್ನು ಇಳಿಸುತ್ತಾರೆ. ತೀರ ಇಳಿಸಿದರೆ ಹಣ್ಣು ಉಸಿರುಗಟ್ಟಿ ಒಳಗೇ ಹುಳಿಯತೊಡಗುತ್ತದೆ, ಹೆಂಡದ ವಾಸನೆ ಬರುತ್ತದೆ. ಎಲ್ಲಿಯವರೆಗೆ ಇಳಿಸಬಹುದು? ಕೆನಡಾದ ನೋವಾ ಸ್ಕೋಷಿಯಾದ ಸಂಶೋಧಕರು ಕಂಡುಕೊಂಡ ಉಪಾಯದಲ್ಲಿ ಕೆಲವು ಹಣ್ಣುಗಳ ಮೇಲೆ ಪ್ರತಿದೀಪ್ತಿಯ ಕಣ್ಣು ಕೂತಿರುತ್ತದೆ. ಆಮ್ಲಜನಕ ಅತಿ ಕಡಿಮೆಯಾದ ಕ್ಷಣ ಹೊಳಪು ಜಿಗಿಯುತ್ತದೆ. ಕೂಡಲೇ ತುಸು ಮೇಲೇರಿಸಿ ಅಲ್ಲಿ ನಿಲ್ಲಿಸುತ್ತಾರೆ. ಸಸ್ಯವಿಜ್ಞಾನದ ಪ್ರಬಂಧಗಳಲ್ಲಿ ಹುಟ್ಟಿದ್ದು ಹಣ್ಣಿನ ವ್ಯಾಪಾರಕ್ಕೆ ಬಂದು ನಿಂತದ್ದು ಹೀಗೆ.

ಅಳೆಯುವವರು ಒಮ್ಮೆ ಕೋಡಿಯನ್ನು ಅಳೆದ ಮೇಲೆ ಅದನ್ನು ತಿದ್ದುವ ಆಸೆ ಹುಟ್ಟದಿರುತ್ತದೆಯೇ? ಬಿಸಿಲಿನಲ್ಲಿದ್ದ ಎಲೆಯ ಮೇಲೆ ಮೋಡದ ನೆರಳೋ ಮೇಲಿನ ಎಲೆಯ ನೆರಳೋ ಬಿತ್ತು ಅನ್ನಿ. ಕೋಡಿ ಕೂಡಲೇ ಮುಚ್ಚಬೇಕು. ಅದು ಮುಚ್ಚಲು ಹಲವು ನಿಮಿಷ ಬೇಕು. ಅಷ್ಟು ಹೊತ್ತೂ ಇರುವ ಸ್ವಲ್ಪ ಬೆಳಕನ್ನೂ ಎಲೆ ಚೆಲ್ಲುತ್ತಲೇ ಇರುತ್ತದೆ. ಇಲಿನಾಯ್‌ನ ಸ್ಟೀಫನ್ ಲಾಂಗ್ ಮತ್ತು ನಿಯೋಗಿ ಅವರ ತಂಡ ಮೂರು ಜೀನುಗಳನ್ನು ಹೆಚ್ಚಿಸಿ ಕೋಡಿ ಬೇಗ ಮುಚ್ಚುವ ಹಾಗೆ ಮಾಡಿತು. ಅಂಥ ತಂಬಾಕು ಗಿಡಗಳು ಹೊಲದಲ್ಲಿ ಸುಮಾರು ಶೇಕಡಾ 15ರಷ್ಟು ಹೆಚ್ಚು ಬೆಳೆದವು ಎಂಬ ವರದಿ 2016ರಲ್ಲಿ ಬಂತು. 2022ರಲ್ಲಿ ಸೋಯಾ: ಬೀಜದ ಇಳುವರಿ ಸರಾಸರಿ ಶೇಕಡಾ 24.5 ಏರಿತು. ಆದರೆ ಅದು ಒಂದು ಹಂಗಾಮಿನ ಮಾತು. ಇನ್ನೊಂದು ಹಂಗಾಮಿನಲ್ಲಿ ಗಿಡಗಳು ಬೇಗನೆ ಮಲಗಿಬಿಟ್ಟು ಅಂಥ ಸ್ಪಷ್ಟ ಫಲ ಸಿಗಲಿಲ್ಲ. ಅರಬಿಡಾಪ್ಸಿಸ್‌ನಲ್ಲೂ ಆಲೂಗಡ್ಡೆಯಲ್ಲೂ ಇತರರು ಇದೇ ಬದಲಾವಣೆ ಮಾಡಿ ನೋಡಿದಾಗ ಲಾಭ ಕಾಣಲಿಲ್ಲ. ಹಸಿರು ಕ್ರಾಂತಿ ಮತ್ತೆ ಬಂತು ಎಂದು ಶೀರ್ಷಿಕೆ ಬರೆದವರು ಈ ಎರಡನೆಯ ಭಾಗವನ್ನು ಬರೆಯಲು ಮರೆತರು.

ಇನ್ನು ಆಕಾಶದಿಂದ ನೋಡುವ ಮಾತು. ಬಿಸಿಲಿನಲ್ಲಿ ಎಲೆ ಜಿನುಗಿಸುವ ಕೆಂಪು ಭೂಮಿಯಿಂದ ಮೇಲಕ್ಕೂ ಹೋಗುತ್ತದೆ, ಆದರೆ ನೆಲದಿಂದ ಪ್ರತಿಫಲಿಸುವ ಬಿಸಿಲಿನಲ್ಲಿ ಕಳೆದುಹೋಗುತ್ತದೆ. ಸೂರ್ಯನ ಬೆಳಕಿನಲ್ಲಿ ಕೆಲವು ಕಿರಿದಾದ ಕಪ್ಪು ಗೆರೆಗಳಿವೆ. ಆ ಬಣ್ಣಗಳು ಸೂರ್ಯನ ಹೊರಪದರದಲ್ಲೇ ಹೀರಿಹೋಗಿರುತ್ತವೆ. ಆ ಗೆರೆಗಳ ಜಾಗದಲ್ಲಿ ಭೂಮಿಯಿಂದ ಒಂದಿಷ್ಟು ಬೆಳಕು ಬಂದರೆ ಅದರಲ್ಲಿ ಎಲೆಯ ಪಾಲು ಇದೆ ಎಂದರ್ಥ. 2009ರಲ್ಲಿ ಹಾರಿದ ಜಪಾನಿನ ಗೋಸ್ಯಾಟ್ ಉಪಗ್ರಹ ಹಸಿರುಮನೆ ಅನಿಲಗಳನ್ನು ಅಳೆಯಲು ಹೋದದ್ದು. ಅದರ ದತ್ತಾಂಶದಿಂದ ಈ ಕೆಂಪನ್ನು ಹೆಕ್ಕಿ ಇಡೀ ಭೂಮಿಯ ನಕ್ಷೆ ಬಿಡಿಸಿದ್ದು 2011ರಲ್ಲಿ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜುಲೈ ತಿಂಗಳ ಅಮೆರಿಕದ ಮೆಕ್ಕೆಜೋಳದ ಸೀಮೆ ಅಮೆಜಾನ್ ಕಾಡನ್ನೂ ಮೀರಿ ಹೊಳೆಯಿತು.

ಆಕಾಶದಿಂದ ಎಲೆಗೆ ಬೆಳಕಿನ ಹೊಡೆತ ಕೊಡಲು ಸಾಧ್ಯವಿಲ್ಲ. ಹಾಗಾಗಿ ಉಪಗ್ರಹಕ್ಕೆ ಕಾಣುವುದು ಬರೀ ಜಿನುಗು. ಹಳೆಯ ತೊಡಕು ಇಲ್ಲಿ ಮತ್ತೆ ಎದುರಾಗುತ್ತದೆ: ಒಂದು ಹೊಲ ಮಂಕಾಗಿದ್ದರೆ ತೂಬು ತೆರೆದಿದೆಯೋ, ಕೋಡಿ ಬಿದ್ದಿದೆಯೋ, ಎಲೆಗಳೇ ಕಡಿಮೆಯೋ? ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2015ರಲ್ಲಿ ಆರಿಸಿದ ಫ್ಲೆಕ್ಸ್ ಯೋಜನೆ ಇದಕ್ಕೊಂದು ಅಡ್ಡದಾರಿ ಹುಡುಕಿದೆ. ಜಿಯಜ್ಯಾಂಥಿನ್ ಹೆಚ್ಚಿದಾಗ ಎಲೆ ಪ್ರತಿಫಲಿಸುವ ಹಸಿರಿನಲ್ಲಿ, 531 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಒಂದು ಸಣ್ಣ ಬದಲಾವಣೆಯಾಗುತ್ತದೆ. ಕೆಂಪಿನ ಜೊತೆಗೆ ಅದನ್ನೂ ನೋಡಿದರೆ ಕೋಡಿಯ ಅಂದಾಜು ಸಿಗುತ್ತದೆ. ಎಲೆಯ ತಾಪವನ್ನು ಜೊತೆಯಲ್ಲೇ ಸಾಗುವ ಸೆಂಟಿನೆಲ್-3 ಉಪಗ್ರಹದಿಂದ ಪಡೆಯುವ ಲೆಕ್ಕಾಚಾರ.

ಫ್ಲೆಕ್ಸ್ ನೆಲವನ್ನು ನೋಡುವುದು 300 ಮೀಟರ್ ಅಗಲದ, ಅಷ್ಟೇ ಉದ್ದದ ಚೌಕಗಳಾಗಿ. ಒಂದು ಚೌಕ ಒಂಬತ್ತು ಹೆಕ್ಟೇರ್, ಅಂದರೆ ಸುಮಾರು 22 ಎಕರೆ. ಅಮೆರಿಕದ ಅಯೋವಾದಲ್ಲಿ ಅಷ್ಟೂ ಒಂದೇ ಹೊಲ, ಒಂದೇ ಬೆಳೆ ಇರಬಹುದು. ತುಮಕೂರು, ಕೋಲಾರದ ಯಾವುದಾದರೂ ಊರಿನ ಮೇಲೆ ಆ ಚೌಕ ಇಟ್ಟು ನೋಡಿ: ಎರಡೆಕರೆ ರಾಗಿ, ಪಕ್ಕದಲ್ಲಿ ಹಿಪ್ಪುನೇರಳೆ, ಬೋರ್‌ವೆಲ್ ನೀರಿನ ಅಡಿಕೆ, ನಡುವೆ ನೀಲಗಿರಿ ತೋಪು, ಬದುವಿನ ಮೇಲೆ ಹೊಂಗೆ. ಅಷ್ಟಕ್ಕೂ ಸೇರಿ ಬರುವುದು ಒಂದೇ ಸಂಖ್ಯೆ. ಬೆಳೆ ವಿಮೆಯ ಪರಿಹಾರವನ್ನು ಉಪಗ್ರಹದ ಚಿತ್ರ ನೋಡಿ ನಿರ್ಧರಿಸುವ ಮಾತು ಈಚೆಗೆ ಹೆಚ್ಚುತ್ತಿರುವುದರಿಂದ, ಆ ಸಂಖ್ಯೆ ರಾಗಿಯದೋ ಹೊಂಗೆಯದೋ ಎಂದು ಕೇಳುವ ಹಕ್ಕು ರಾಗಿ ಬೆಳೆದವನಿಗೆ ಇರಬೇಕು.